ಜೋಂಬಿ ಸಿನಿಮಾ ಮಾಡೋರಿಗೆ: ಕಬ್ಬಿನ ಹೊಲವೋ, ಜೋಳದ ಹೊಲವೋ?

ಹೋದ ವರ್ಷ ದಸರಾ ರಜೆಯಲ್ಲಿ ನನ್ನ ಅಕ್ಕನ ಮಗ ತನ್ನ ಗೆಳೆಯರನ್ನೆಲ್ಲ ಕಟ್ಟಿಕೊಂಡು ನಮ್ಮ ಮನೆಯ ಪಡಸಾಲೆಗೆ ಬಂದು ಕೂತ. ಒಟ್ಟು ಏಳು ಜನ. ನಾಲ್ವರು ಹುಡುಗರು, ಮೂವರು ಹುಡುಗಿಯರು. ಎಲ್ಲರೂ ಪಿಯುಸಿ. ಇಪ್ಪತ್ತು ನಿಮಿಷದ ಜೋಂಬಿ ಸಿನಿಮಾ ಮಾಡಬೇಕು, ನೋಡಿದವರು ಹೆದರಬೇಕು, ಹೊಟ್ಟೆ ಹಿಡಿದು ನಗಲೂ ಬೇಕು ಅನ್ನುವುದರಲ್ಲಿ ಅವರೆಲ್ಲ ಒಂದೇ. ಕೈಯಲ್ಲಿದ್ದದ್ದು 12,000 ರೂಪಾಯಿ. ಉಳಿದಿದ್ದರಲ್ಲೆಲ್ಲ ಜಗಳ. ಜಮಖಂಡಿ ಕಡೆಯ ಹುಡುಗ ಕಬ್ಬಿನ ಹೊಲ ಅಂದ. ವಿಜಯಪುರದ ಹುಡುಗಿ ಗೋಳಗುಮ್ಮಟ ಅಂದಳು. ಒಬ್ಬ ಕ್ಯಾಮೆರಾ ಬಾಡಿಗೆಗೆ ತರೋಣ ಅಂದರೆ ಇನ್ನೊಬ್ಬ ಅದೇ ದುಡ್ಡಿನಲ್ಲಿ ಮೇಕಪ್ ಮಾಡಿಸೋಣ ಅಂದ.

ಮೂರು ತಿಂಗಳು ನಾನು ಅವರ ಜೊತೆಗಿದ್ದೆ. ಚಹಾ ಮಾಡಿಕೊಟ್ಟೆ, ಹೊಲದವರ ಹತ್ತಿರ ಮಾತಾಡಿದೆ, ಎರಡು ದಿನ ನಾನೇ ಜೋಂಬಿಯೂ ಆದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇಂಥ ಆಸೆ ಇಟ್ಟುಕೊಂಡಿರುವ ಮಕ್ಕಳು ಬೇಕಾದಷ್ಟು ಇದ್ದಾರೆ. ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂದು ನಮಗೆ ತಿಳಿದದ್ದನ್ನು ಅವರಿಗೆ ಹೇಳೋಣ ಅಂತ ಕೂತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕಡಿಮೆ ಇದ್ದಾಗ ಅದನ್ನು ಕಣ್ಣಿಗೆ ಖರ್ಚು ಮಾಡಬೇಡಿ, ಕಿವಿಗೆ ಖರ್ಚು ಮಾಡಿ. ಹೆದರಿಕೆ ಹುಟ್ಟುವುದು ಕಿವಿಯಲ್ಲಿ, ನಗು ಹುಟ್ಟುವುದೂ ಕಿವಿಯಲ್ಲಿ. ಕೆಳಗೆ ನಾನು ಮಾಡಿರುವ ಹೋಲಿಕೆಗಳೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿವೆ.

ಜಾಗ ಯಾವುದು?

ಗೋಳಗುಮ್ಮಟದಿಂದಲೇ ಶುರು ಮಾಡುತ್ತೇನೆ. ವಿಜಯಪುರದ ಯಾವ ಮಗುವಿಗಾದರೂ ಮೊದಲು ಹೊಳೆಯುವುದು ಅದೇ ಅಲ್ವಾ. 1656ರ ಹೊತ್ತಿಗೆ ಮುಗಿದ ಕಟ್ಟಡ, ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಗಲದ ಗುಮ್ಮಟ. ಮೇಲಿನ ಮೊಗಸಾಲೆಯಲ್ಲಿ ಒಂದು ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಎದುರು ಗೋಡೆಯ ಹತ್ತಿರ ನಿಂತವರಿಗೆ ಕೇಳುತ್ತದೆ. ಕೂಗಿದರೆ ಆ ಕೂಗು ಮತ್ತೆ ಮತ್ತೆ ತಿರುಗಿ ಬರುತ್ತದೆ. ಜೋಂಬಿಯ ಒಂದು ನರಳಾಟ ಅಲ್ಲಿ ಹತ್ತು ಜೋಂಬಿಗಳಾಗಿ ಕೇಳಿಸುತ್ತದೆ ಎಂದು ಆ ಹುಡುಗಿ ಹೇಳಿದಾಗ ನನಗೂ ಮೈ ಜುಮ್ ಅಂದಿತು.

ಆದರೂ ಬೇಡ ಅಂದೆ. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಸಿನಿಮಾ ಚಿತ್ರೀಕರಣಕ್ಕೆ ಮೊದಲೇ ಲಿಖಿತ ಅನುಮತಿ ಬೇಕು, ಶುಲ್ಕ ಕಟ್ಟಬೇಕು. ಬಾರಾಕಮಾನಿಗೂ, ಬಾದಾಮಿಯ ಗುಹೆಗಳಿಗೂ, ಐಹೊಳೆ, ಪಟ್ಟದಕಲ್ಲಿಗೂ ಇದೇ ಮಾತು. ಇನ್ನೊಂದು ಕಾರಣ ನನಗೆ ಅದಕ್ಕಿಂತ ದೊಡ್ಡದು. ಗೋಳಗುಮ್ಮಟ ಒಂದು ಸಮಾಧಿ. ಒಳಗೆ ಮಹಮ್ಮದ್ ಆದಿಲ್ ಷಾ ಮತ್ತು ಅವನ ಮನೆಯವರ ಗೋರಿಗಳಿವೆ. ಸತ್ತವರು ಎದ್ದು ಬರುವ ತಮಾಷೆಯನ್ನು ನಿಜವಾಗಿ ಮಣ್ಣಾದವರ ತಲೆಯ ಹತ್ತಿರ ಮಾಡಬಾರದು. ಮಕ್ಕಳಿಗೆ ಇದನ್ನು ಹೇಳಿದಾಗ ಅವರು ವಾದ ಮಾಡಲಿಲ್ಲ.

ಹಳೇ ಬಾಗಲಕೋಟೆಯ ಬಗ್ಗೆಯೂ ಇದೇ ಯೋಚನೆ ಬಂತು. ಆಲಮಟ್ಟಿ ಹಿನ್ನೀರಿಗೆ ಸಿಕ್ಕ ಓಣಿಗಳು, ಮನೆಯವರು ನವನಗರಕ್ಕೆ ಹೋದ ಮೇಲೆ ಉಳಿದ ಗೋಡೆಗಳು. ಚಿತ್ರಕ್ಕೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಆದರೆ ಆ ಗೋಡೆಯಲ್ಲಿ ದೀಪ ಇಡುತ್ತಿದ್ದ ಗೂಡನ್ನು ಈಗಲೂ ನೆನೆಸಿಕೊಳ್ಳುವ ಅಜ್ಜಿ ಅದೇ ಊರಿನಲ್ಲಿ ಬದುಕಿದ್ದಾಳೆ. ಅವಳ ಮನೆಯಲ್ಲಿ ಜೋಂಬಿ ಓಡಾಡಿಸುವ ಮುಂಚೆ ಅವಳನ್ನೇ ಕೇಳಬೇಕು. ಕೇಳಿ, ಅವಳು ಹೂಂ ಅಂದರೆ, ಅವಳನ್ನೇ ಸಿನಿಮಾದಲ್ಲಿ ಹಾಕಿಕೊಳ್ಳಿ. ಗೋಡೆ ಪಾಳು ಬಿದ್ದಿರುವುದರಿಂದ ಬೀಳುವ ಅಪಾಯವೂ ಇದೆ, ಅದನ್ನೂ ನೋಡಿಕೊಳ್ಳಿ.

ಉಳಿದದ್ದು ಹೊಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕಡೆಯ ಮಕ್ಕಳಿಗೆ ಪುಕ್ಕಟೆಯಾಗಿ ಸಿಗುವ ದೊಡ್ಡ ಸೆಟ್ ಅಂದರೆ ಹೊಲವೇ.

ಕಬ್ಬು ಅಂದರೆ ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆ. ಎರಡು ಸಾಲು ಒಳಗೆ ಹೋದರೆ ಸಾಕು, ಹೊರಗಿನ ಜಗತ್ತು ಇಲ್ಲ. ಮೇಲೆ ಒಂದು ಪಟ್ಟಿಯಷ್ಟು ಆಕಾಶ. ರವದಿ, ಅಂದರೆ ಉದುರಿದ ಒಣಗರಿ, ಅದರ ಮೇಲೆ ಯಾರಾದರೂ ಕಾಲಿಟ್ಟರೆ ಸರಕ್ ಅನ್ನುತ್ತದೆ, ಯಾರು ಅಂತ ಕಾಣುವುದಿಲ್ಲ. ಭಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೇ ಇಲ್ಲ. ತೊಂದರೆಗಳೂ ಅಷ್ಟೇ ಇವೆ. ಕಬ್ಬಿನ ಗರಿಯ ಅಂಚು ಗರಗಸದ ಹಾಗೆ. ನಮ್ಮ ಹುಡುಗ ಒಂದೇ ಸಲ ಓಡಿ ಬಂದ, ಮೊಣಕೈ ತುಂಬ ಕೆಂಪು ಗೀರು. ಇಲಿ ಇರುವಲ್ಲಿ ಹಾವು ಇರುತ್ತದೆ, ಕಬ್ಬಿನಲ್ಲಿ ಕೊಳಕುಮಂಡಲದ ಹೆದರಿಕೆ ನಿಜವಾದದ್ದು. ಎಲ್ಲಕ್ಕಿಂತ ದೊಡ್ಡ ತೊಂದರೆ ಸದ್ದು. ಗಾಳಿ ಸ್ವಲ್ಪ ಬೀಸಿದರೂ ಗರಿಗಳು ಒಂದಕ್ಕೊಂದು ಉಜ್ಜಿ ಹೊಲವೆಲ್ಲ ಸರಸರ ಅನ್ನುತ್ತದೆ. ಮಾತಿಲ್ಲದ ಭಯದ ಶಾಟಿಗೆ ಅದು ವರ. ನಗಿಸುವ ಮಾತಿಗೆ ಅದು ಶಾಪ. ಮಾತು ಮುಳುಗಿಹೋಗುತ್ತದೆ.

ಬಿಳಿಜೋಳ ಅಂದರೆ ಡೋಣಿ ನದಿ ದಂಡೆಯ ಎರೆಭೂಮಿ, ಕಪ್ಪು ಮಣ್ಣಿನ ನೆಲ. ಹಿಂಗಾರಿ ಬಿತ್ತನೆ ಆಗಿ, ಎಳ್ಳಮಾವಾಸ್ಯೆ ಹೊತ್ತಿಗೆ ಜೋಳ ಆಳೆತ್ತರ ನಿಂತಿರುತ್ತದೆ. ಹದಿನಾರರ ಹುಡುಗಿ ಒಳಗೆ ನಡೆದರೆ ತಲೆ ಮಾತ್ರ ಆಗಾಗ ಕಾಣುತ್ತದೆ, ಮುಳುಗುತ್ತದೆ. ಎತ್ತರದ ಜೋಂಬಿಯ ತಲೆ ತೆನೆಗಳ ಮೇಲೆ ತೇಲಿ ಬರುತ್ತದೆ. ಇದು ನೋಡಲು ಭಯವೂ ಹೌದು, ನಗುವೂ ಹೌದು. ಕಬ್ಬು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಜೋಳ ಅರ್ಧ ಮುಚ್ಚಿ ಅರ್ಧ ತೋರಿಸುತ್ತದೆ. ಹೆದರಿಸಿ ನಗಿಸುವ ಸಿನಿಮಾಕ್ಕೆ ಈ ಅರ್ಧವೇ ಬೇಕಾದದ್ದು.

ಇನ್ನು ಎರೆಮಣ್ಣು. ಮಳೆ ಬಿದ್ದ ಮರುದಿನ ಎರೆಯಲ್ಲಿ ನಡೆದು ನೋಡಿ. ನಾಲ್ಕು ಹೆಜ್ಜೆಗೆ ಚಪ್ಪಲಿಯ ಕೆಳಗೆ ಒಂದು ಗಡಿಗೆ ಮಣ್ಣು ಅಂಟಿರುತ್ತದೆ. ಕಾಲು ಎತ್ತಲು ಸೊಂಟ ಓರೆ ಮಾಡಬೇಕು, ಕೈ ಅತ್ತಿತ್ತ ಹೋಗುತ್ತದೆ. ಜೋಂಬಿ ನಡಿಗೆಯನ್ನು ಯಾರೂ ಕಲಿಸಬೇಕಾಗಿಲ್ಲ, ಮಣ್ಣೇ ಕಲಿಸುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿರುಕಿನಿಂದ ಬೆರಳು ಹೊರಗೆ ಬರುವ ಶಾಟನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆದರೆ ಬಿರುಕಿನೊಳಗೆ ಬರಿಗೈ ಹಾಕಬೇಡಿ. ಮೊದಲು ಕೋಲು ಹಾಕಿ ನೋಡಿ, ಚೇಳು ಇರುತ್ತದೆ.

ನಾವು ಜೋಳವನ್ನೇ ಆರಿಸಿದೆವು. ಕಬ್ಬಿನಲ್ಲಿ ಒಂದೇ ದಿನ, ಮಾತಿಲ್ಲದ ಮೂರು ಶಾಟ್ ತೆಗೆದು ಬಂದೆವು. ಒಂದು ಮಾತು ಮರೆಯಬೇಡಿ. ನಿಂತ ಬೆಳೆಯೊಳಗೆ ಓಡಿದರೆ ದಂಟು ಮುರಿಯುತ್ತದೆ, ಅದು ಯಾರದೋ ವರ್ಷದ ಅನ್ನ. ಬದುವಿನ ಮೇಲೆ, ಅಂಚಿನ ಎರಡು ಸಾಲಿನಲ್ಲಿ ಮಾತ್ರ ಕೆಲಸ ಮಾಡಿ. ಒಳಗೆ ಓಡಿದ ಹಾಗೆ ಕಾಣಿಸಲು ಕ್ಯಾಮೆರಾವನ್ನು ತೆನೆಗಳ ಹಿಂದೆ ಇಟ್ಟರೆ ಸಾಕು. ಕೊಯ್ಲಾದ ಮೇಲೆ ಕಣಿಕೆಯ ಬಣವಿ ಸಿಗುತ್ತದೆ. ಬಣವಿಯಿಂದ ಜೋಂಬಿ ಹೊರಬರುವುದು ಚೆಂದ. ಆದರೆ ಕೊಯ್ದ ಹೊಲದ ಕೂಳೆ ಕಾಲಿಗೆ ಚುಚ್ಚುತ್ತದೆ, ಬೂಟು ಬೇಕು. ಬಣವಿಯ ಹತ್ತಿರ ಬೆಂಕಿ ಅನ್ನುವ ಮಾತೇ ಬೇಡ.

ಯಾವ ತಿಂಗಳು?

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಏಪ್ರಿಲ್, ಮೇ ರಜೆ ಉದ್ದ ಇದೆ, ಆದರೆ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಖಕ್ಕೆ ಹಚ್ಚಿದ್ದು ಹತ್ತು ನಿಮಿಷಕ್ಕೆ ಕೊರಳಿಗೆ ಇಳಿಯುತ್ತದೆ. ಮಕ್ಕಳಿಗೆ ಉಷ್ಣ ಬಡಿಯುತ್ತದೆ. ದಸರಾ ರಜೆಯಲ್ಲಿ ಕಬ್ಬು ಎತ್ತರ, ಜೋಳ ಇನ್ನೂ ಮೊಳಕೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಚಳಿ, ಜೋಳ ಎತ್ತರ, ಬೆಳಕು ಮೆತ್ತಗೆ. ರಜೆ ಮಾತ್ರ ಇಲ್ಲ, ಭಾನುವಾರಗಳನ್ನೇ ಕೂಡಿಸಬೇಕು. ನಾವು ದಸರಾದಲ್ಲಿ ಬರೆದೆವು, ಕಬ್ಬಿನ ಶಾಟ್ ಮುಗಿಸಿದೆವು, ಜನವರಿಯಲ್ಲಿ ಜೋಳಕ್ಕೆ ಇಳಿದೆವು. ಪರೀಕ್ಷೆ ಹತ್ತಿರ ಬರುವ ಮುಂಚೆ ಕ್ಯಾಮೆರಾ ಕೆಳಗಿಡಬೇಕು ಎಂದು ಮನೆಯವರಿಗೆ ಮಾತು ಕೊಟ್ಟಿದ್ದೆವು, ಉಳಿಸಿಕೊಂಡೆವು.

ಓಡುವ ಜೋಂಬಿಯೋ, ನಡೆಯುವ ಜೋಂಬಿಯೋ?

ಹುಡುಗರಿಗೆಲ್ಲ ಓಡುವ ಜೋಂಬಿ ಬೇಕಿತ್ತು. ಓಡುವವನು ಹೆಚ್ಚು ಹೆದರಿಸುತ್ತಾನೆ, ಸುಳ್ಳಲ್ಲ. ಆದರೆ ಓಡಿಸಬೇಕಾದರೆ ಗಟ್ಟಿಯಾದ ನಾಲ್ಕು ಹುಡುಗರು ಬೇಕು, ಬಿದ್ದರೆ ಹಿಡಿಯಲು ಇನ್ನಿಬ್ಬರು ಬೇಕು, ಜೊತೆಗೆ ಓಡುವ ಕ್ಯಾಮೆರಾ ಬೇಕು. ನಡೆಯುವ ಜೋಂಬಿಗೆ ಊರಿನವರೆಲ್ಲ ನಡೆಯುತ್ತಾರೆ. ಅರವತ್ತು ದಾಟಿದ ಕಾಕಾನೂ ಆಗಬಹುದು, ಮೊಣಕಾಲು ನೋವಿನ ದೊಡ್ಡಮ್ಮನೂ ಆಗಬಹುದು. ಓಡುವ ಮೂವರಿಗಿಂತ ನಿಧಾನವಾಗಿ ಬರುವ ಮೂವತ್ತು ಜನ ತೆರೆಯ ಮೇಲೆ ಜಾಸ್ತಿ ಭಾರ.

ನಗುವಿಗೂ ನಿಧಾನವೇ ಒಳ್ಳೆಯದು. ಜೋಂಬಿ ಬರುತ್ತಿದೆ, ಇನ್ನೂ ಬರುತ್ತಿದೆ, ಅಷ್ಟರಲ್ಲಿ ಮಕ್ಕಳು ಯಾರು ಮೊದಲು ಓಡಬೇಕು ಎಂದು ಜಗಳ ಮಾಡಿ ಮುಗಿಸಬಹುದು. ಓಡುವ ಜೋಂಬಿ ಮಾತಿಗೆ ಸಮಯ ಕೊಡುವುದಿಲ್ಲ.

ಜೋಂಬಿ ಅಂದರೆ ದೆವ್ವ ಅಲ್ಲ ಎನ್ನುವುದನ್ನು ಊರಿನವರಿಗೆ ಬಿಡಿಸಿ ಹೇಳಬೇಕಾಯಿತು. ಈ ಕಲ್ಪನೆ ಹೈಟಿ ದೇಶದ ಜನರ ನಂಬಿಕೆಯಿಂದ ಬಂದದ್ದು. ಸತ್ತವನ ದೇಹವನ್ನು ಎಬ್ಬಿಸಿ, ಇಷ್ಟವಿಲ್ಲದೆಯೂ ದುಡಿಯುವ ಹಾಗೆ ಮಾಡುತ್ತಾರೆ ಎನ್ನುವ ನಂಬಿಕೆ. ನಮ್ಮ ದೆವ್ವಕ್ಕೆ ಮನಸ್ಸು ಇದೆ, ದೇಹ ಇಲ್ಲ. ಜೋಂಬಿಗೆ ದೇಹ ಇದೆ, ಮನಸ್ಸು ಇಲ್ಲ. ಇಷ್ಟು ಹೇಳಿದಾಗ ಒಬ್ಬ ಅಜ್ಜ, "ಹಂಗಾರ ಅಂವಾ ಬರೇ ರೂಢಿ ಮ್ಯಾಲ ನಡೀತಾನ ಅನ್ನು" ಅಂದರು. ಆ ಒಂದು ಮಾತಿನಿಂದ ನಮ್ಮ ಇಡೀ ಕಥೆ ಹುಟ್ಟಿತು. ಅದನ್ನು ಮುಂದೆ ಹೇಳುತ್ತೇನೆ.

ಮುಖ ಮತ್ತು ರಕ್ತ

ದ್ರವ ಲೇಟೆಕ್ಸ್, ಅಂದರೆ ಹಚ್ಚಿದರೆ ಚರ್ಮದ ಹಾಗೆ ಒಣಗುವ ರಬ್ಬರ್ ಹಾಲು, ತರಿಸಿಕೊಂಡರೆ ಗಾಯ ನಿಜವಾದ ಗಾಯದ ಹಾಗೆ ಕಾಣುತ್ತದೆ. ಆದರೆ ಬೆಲೆ ಜಾಸ್ತಿ, ವಾಸನೆ ಘಾಟು, ಕೆಲವರ ಚರ್ಮಕ್ಕೆ ಅಲರ್ಜಿ ಆಗುತ್ತದೆ. ಹುಬ್ಬಿಗೆ ತಾಗಿದರೆ ತೆಗೆಯುವಾಗ ಕೂದಲೂ ಬರುತ್ತದೆ. ಮೈದಾ ಅಂಟು ಹಚ್ಚಿ ಮೇಲೆ ತೆಳ್ಳನೆ ಟಿಶ್ಯೂ ಅಂಟಿಸುವುದು ಎರಡನೇ ದಾರಿ. ಅದು ಅಗ್ಗ, ಗಟ್ಟಿಯಾಗಿ ಹಿಡಿಯುತ್ತದೆ.

ನಮಗೆ ಕೆಲಸ ಮಾಡಿದ್ದು ಜೋಳದ ಹಿಟ್ಟು. ರೊಟ್ಟಿ ಮಾಡುವವರಿಗೆ ಗೊತ್ತು, ಜೋಳದ ಹಿಟ್ಟಿಗೆ ಜಿಗುಟು ಇಲ್ಲ. ತಣ್ಣೀರಿನಲ್ಲಿ ಕಲಸಿ, ಚಿಟಿಕೆ ಬೂದಿ ಹಾಕಿ, ಕೆನ್ನೆಯ ಮೇಲೆ ತೆಳ್ಳಗೆ ಬಳಿದು ಬಿಡಿ. ಹತ್ತು ನಿಮಿಷ ಮಾತಾಡಬೇಡಿ. ಒಣಗಿದ ಮೇಲೆ ಒಂದು ಸಲ ಬಾಯಿ ತೆರೆದರೆ ತುಟಿಯ ಮೂಲೆಯಿಂದ ಕಿವಿಯ ತನಕ ಸಣ್ಣ ಸಣ್ಣ ಬಿರುಕು ಓಡುತ್ತದೆ. ಬೇಸಿಗೆಯ ಎರೆಹೊಲದ ಹಾಗೆ. ಬಿರುಕಿನೊಳಗೆ ಒಂದು ಎಳೆ ಕೆಂಪು ಇಳಿಸಿದರೆ ಸಾಕು, ಹತ್ತಿರದ ಶಾಟಿನಲ್ಲಿ ಅದಕ್ಕಿಂತ ಬೇರೆ ಬೇಕಿಲ್ಲ. ತೊಳೆದರೆ ನೀರಿನಲ್ಲೇ ಹೋಗುತ್ತದೆ. ಒಂದೇ ಕೊರತೆ, ಉದುರುತ್ತದೆ. ಪ್ರತಿ ಶಾಟಿಗೆ ಮೊದಲು ಮತ್ತೆ ಹಚ್ಚಬೇಕು.

ಕೈ ಪಳಗಿದವರು ಬೇಕು ಅಂದರೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ. ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ನಾಟಕ ಕಂಪನಿಗಳು ಟೆಂಟ್ ಹಾಕಿರುತ್ತವೆ. ಕಂಪನಿಯ ಮೇಕಪ್ಪಿನವರು ದೂರದಲ್ಲಿ ಕೂತವರಿಗೂ ಮುಖ ಕಾಣುವ ಹಾಗೆ ಬಣ್ಣ ಹಾಕುವವರು. ಕ್ಯಾಮೆರಾಕ್ಕೆ ಅಷ್ಟು ಗಾಢ ಬೇಡ. ಆದರೆ ಕಣ್ಣಿನ ಕೆಳಗೆ ಕಪ್ಪು ಎಲ್ಲಿಂದ ಎಲ್ಲಿಗೆ ಎಳೆಯಬೇಕು ಎನ್ನುವುದನ್ನು ಅವರ ಹತ್ತಿರ ಅರ್ಧ ಗಂಟೆ ನಿಂತು ನೋಡಿದರೂ ಕಲಿಯಬಹುದು. ಅವರ ಸಮಯ ತೆಗೆದುಕೊಂಡರೆ ಮರ್ಯಾದೆಯಿಂದ ಕಾಸು ಕೊಡಿ.

ರಕ್ತಕ್ಕೆ ಮೂರು ದಾರಿ ನೋಡಿದೆವು. ಅರಿಶಿನಕ್ಕೆ ಸುಣ್ಣ ಹಾಕಿದರೆ ಆರತಿಯ ಕೆಂಪು ಬರುತ್ತದೆ, ಎಲ್ಲರ ಮನೆಯಲ್ಲೂ ಇದೆ. ಆದರೆ ಸುಣ್ಣ ಕಣ್ಣಿಗೆ, ಬಾಯಿಗೆ ಹೋಗಬಾರದು. ಹಾಗಾಗಿ ಮುಖಕ್ಕೆ ಬೇಡವೇ ಬೇಡ, ಗೋಡೆಗೆ, ಹಳೇ ಬಟ್ಟೆಗೆ ಮಾತ್ರ. ಕುಂಕುಮದ ನೀರು ತೆಳು, ಒಣಗಿದರೆ ಪುಡಿ. ಮೂರನೆಯದು ಕಾಕಂಬಿ, ಅಂದರೆ ಕಬ್ಬಿನ ಹಾಲು ಕಾಯಿಸಿದ ಗಟ್ಟಿ ಪಾಕ. ಗಾಣದ ಮನೆಯಿಂದ ಒಂದು ಬಾಟಲಿ ತಂದು, ತಿನ್ನುವ ಕೆಂಪು ಬಣ್ಣ ನಾಲ್ಕು ಹನಿ, ಒಂದು ಚಿಟಿಕೆ ಕಾಫಿ ಪುಡಿ ಹಾಕಿದರೆ ಗಲ್ಲದಿಂದ ನಿಧಾನವಾಗಿ ಎಳೆ ಎಳೆಯಾಗಿ ಇಳಿಯುತ್ತದೆ. ಬಾಯಿಗೆ ಹೋದರೂ ಚಿಂತೆ ಇಲ್ಲ. ಇರುವೆ, ನೊಣ ಬರುತ್ತವೆ, ಹತ್ತಿರದಲ್ಲಿ ಜೇನು ಇದ್ದರೆ ಹುಷಾರು. ನಾವು ಕಾಕಂಬಿಯನ್ನೇ ಬಳಸಿದೆವು.

ಕಪ್ಪು ಬಿಳುಪಿನಲ್ಲಿ ತೆಗೆದರೆ ಈ ಕಷ್ಟವೇ ಇಲ್ಲ. ಈಗಿನ ಜೋಂಬಿ ಸಿನಿಮಾಗಳಿಗೆಲ್ಲ ದಾರಿ ಹಾಕಿಕೊಟ್ಟ 1968ರ ಅಮೆರಿಕದ ಕಪ್ಪು ಬಿಳುಪು ಚಿತ್ರದಲ್ಲಿ ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಸಿರಪ್. ಅವರ ಹತ್ತಿರವೂ ದುಡ್ಡು ಇರಲಿಲ್ಲ.

ಫೋನೋ, ಬಾಡಿಗೆ ಕ್ಯಾಮೆರಾವೋ? ಹಗಲೋ, ರಾತ್ರಿಯೋ?

ಫೋನ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಬಾಡಿಗೆ ಕ್ಯಾಮೆರಾ ಬಂದ ದಿನ ಎಲ್ಲರ ಕಣ್ಣೂ ಗಡಿಯಾರದ ಮೇಲೆ ಇರುತ್ತದೆ. ನಟಿಸುವ ಮಕ್ಕಳು ಬಿಗಿಯಾಗುತ್ತಾರೆ. ಫೋನಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟುಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್ ಆಗಿರುವುದರಿಂದ ಹೀಗೆ ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವುದು ಕಾಣುವುದಿಲ್ಲ.

ರಾತ್ರಿ ಶೂಟಿಂಗ್ ಬೇಡ. ಫೋನಿಗೆ ಕತ್ತಲೆ ಹಿಡಿಸುವುದಿಲ್ಲ, ಚಿತ್ರವೆಲ್ಲ ರವೆ ರವೆ. ಹೆಣ್ಣುಮಕ್ಕಳ ಮನೆಯವರು ರಾತ್ರಿ ಹೊಲಕ್ಕೆ ಕಳಿಸುವುದಿಲ್ಲ, ಅವರ ಕಾಳಜಿ ಸರಿಯಾದದ್ದೇ. ಹೊತ್ತು ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಸಿಗುತ್ತದೆ. ಆ ನೀಲಿ ಬೆಳಕಿನಲ್ಲಿ ಟ್ರ್ಯಾಕ್ಟರ್ ಹೆಡ್‌ಲೈಟ್ ಹಿಂದಿನಿಂದ ಹಾಕಿ, ಮುಂದೆ ಒಂದು ಬುಟ್ಟಿ ಧೂಳು ಹಾರಿಸಿದರೆ ಜೋಂಬಿಗಳು ಕರಿ ನೆರಳಾಗಿ ನಡೆದು ಬರುತ್ತವೆ. ಟ್ರ್ಯಾಕ್ಟರ್ ಎಂಜಿನ್ ಬಂದ್ ಇರಲಿ, ಬ್ರೇಕ್ ಹಾಕಿರಲಿ, ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರಲಿ. ದಿನಕ್ಕೆ ಇಪ್ಪತ್ತೇ ನಿಮಿಷ ಅಂದರೆ ಹೆಚ್ಚು ಸಂಜೆ ಬೇಕು. ನಮಗೆ ಆರು ಸಂಜೆ ಹಿಡಿಯಿತು.

ಸದ್ದು: ಇಲ್ಲಿ ದುಡ್ಡು ಹಾಕಿ

ಮೊದಲ ದಿನ ನಾವು ಫೋನಿನ ಮೈಕನ್ನೇ ನಂಬಿದೆವು. ಹುಡುಗಿ ಬದುವಿನ ಮೇಲೆ ನಿಂತು ತನ್ನ ಕಾಕಾನನ್ನು ಗುರುತಿಸುವ ದೃಶ್ಯ. ಕಣ್ಣಲ್ಲಿ ನೀರು ತಂದುಕೊಂಡು ಎಷ್ಟು ಚೆಂದ ಮಾಡಿದಳು ಅಂದರೆ, ನೋಡುತ್ತಿದ್ದ ನಾವೆಲ್ಲ ಸುಮ್ನೆ ನಿಂತುಬಿಟ್ಟೆವು. ಮನೆಗೆ ಬಂದು ಕೇಳಿದರೆ ಬರೀ ಗಾಳಿ. ಭರ್ರ್ ಅನ್ನುವ ಗಾಳಿಯ ಹಿಂದೆ ಎಲ್ಲೋ ಒಂದು ಎಳೆ ದನಿ. ಮತ್ತೊಮ್ಮೆ ಮಾಡಿಸಿದಾಗ ಆ ಕಣ್ಣೀರು ಬರಲಿಲ್ಲ. ಆ ನಷ್ಟ ನನಗೆ ಇವತ್ತಿಗೂ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದಾರಿಗಳು ಮೂರು. ಆಮೇಲೆ ಡಬ್ ಮಾಡುವುದು ಒಂದು. ಶೂಟಿಂಗ್ ಸುಲಭ, ಆದರೆ ಅನುಭವ ಇಲ್ಲದ ಮಕ್ಕಳಿಗೆ ತುಟಿಗೆ ಸರಿಯಾಗಿ ಮಾತು ಕೂಡಿಸುವುದು ಬಹಳ ಕಷ್ಟ. ನಗುವಿನ ಮಾತಿನಲ್ಲಿ ಅರ್ಧ ಕ್ಷಣ ತಪ್ಪಿದರೆ ನಗು ಸತ್ತುಹೋಗುತ್ತದೆ. ಎರಡನೆಯದು ಪುಕ್ಕಟೆ ದಾರಿ. ಮಾತಾಡುವವರ ಅಂಗಿ ಜೇಬಿನಲ್ಲಿ ಇನ್ನೊಂದು ಫೋನ್, ಫ್ಲೈಟ್ ಮೋಡ್‌ನಲ್ಲಿ, ಮೈಕಿನ ಬದಿ ಮೇಲೆ. ಶಾಟ್ ಶುರುವಾಗುವಾಗ ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಎಡಿಟ್ ಮಾಡುವಾಗ ಚಪ್ಪಾಳೆಯ ಚಿತ್ರಕ್ಕೆ ಚಪ್ಪಾಳೆಯ ಸದ್ದು ಕೂಡಿಸಿದರೆ ಆಯಿತು. ಮೂರನೆಯದು ಕಾಲರ್ ಮೈಕ್. ಎರಡು ಮೈಕಿನ ಒಂದು ಸೆಟ್ಟಿಗೆ ನಾವು 2,200 ಕೊಟ್ಟೆವು. ನಮ್ಮ ಒಟ್ಟು ಖರ್ಚಿನಲ್ಲಿ ಊಟ ಬಿಟ್ಟರೆ ಅದೇ ದೊಡ್ಡದು, ಅದೇ ಸಾರ್ಥಕ. ಅದಕ್ಕೂ ಮುಂಚೆ ಒಂದು ಅಂಗಡಿಯಿಂದ ಬಾಡಿಗೆಗೆ ತಂದ ಮೈಕು ಅರ್ಧ ದಿನಕ್ಕೆ ಬ್ಯಾಟರಿ ಬಿಟ್ಟಿತ್ತು. ಬಾಡಿಗೆಗೆ ತರುವವರು ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿ ನೋಡಿ ತನ್ನಿ.

ಗಾಳಿಗೆ ಮದ್ದು ನಮ್ಮ ಓಣಿಯಲ್ಲೇ ಸಿಕ್ಕಿತು. ಕಂಬಳಿ ನೇಯುವವರ ಮನೆಯಿಂದ ಒಂದು ಹಿಡಿ ಹಿಂಜಿದ ಕುರಿ ಉಣ್ಣೆ ತಂದು ಮೈಕಿನ ಸುತ್ತ ಸಡಿಲವಾಗಿ ಸುತ್ತಿದೆವು. ಗಾಳಿಯ ಭರ್ರ್ ಹೋಯಿತು, ಮಾತು ಉಳಿಯಿತು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಹೊಲದ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಎರಡು ಶಾಟ್ ಕೂಡಿಸುವಲ್ಲಿ ಕೆಳಗೆ ಅದನ್ನು ಹಾಸಿದರೆ ಜೋಡಣೆ ಗೊತ್ತಾಗುವುದಿಲ್ಲ.

ಇನ್ನು ಜೋಂಬಿಯ ಸದ್ದುಗಳು. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವುದೋ, ನಾವೇ ಮಾಡುವುದೋ? ಇಳಿಸಿಕೊಂಡದ್ದು ಬೇರೆ ಯಾರದೋ ಸಿನಿಮಾದ ಹಾಗೆಯೇ ಕೇಳುತ್ತದೆ. ನಮ್ಮ ಅಡುಗೆಮನೆಯಲ್ಲಿ ಏನಿಲ್ಲ? ಎಲುಬು ಮುರಿಯುವುದಕ್ಕೆ ಖಡಕ್ ರೊಟ್ಟಿ. ಮೈಕಿನ ಹತ್ತಿರ ಹಿಡಿದು ಎರಡು ಕೈಯಲ್ಲಿ ಮೆಲ್ಲಗೆ ಬಗ್ಗಿಸಿ. ಮೊದಲು ಕಿರ್ ಅನ್ನುತ್ತದೆ, ಆಮೇಲೆ ಪಟ್. ಆ ಕಿರ್ರಿನಲ್ಲೇ ಭಯ ಇರುವುದು, ಅವಸರ ಮಾಡಬೇಡಿ. ತಲೆಬುರುಡೆಗೆ ಉಳ್ಳಾಗಡ್ಡಿ. ನಾವು ಊಟಕ್ಕೆ ಕೂತಾಗ ಮುಷ್ಟಿಯಿಂದ ಗುದ್ದಿ ಒಡೆಯುತ್ತೇವಲ್ಲ, ಹಾಗೆಯೇ ಕಟ್ಟಿಗೆ ಮಣೆಯ ಮೇಲೆ ಒಂದೇ ಗುದ್ದು. ತಿನ್ನುವ ಸದ್ದಿಗೆ ಹಿಟ್ಟು ನಾದುವುದು. ಹೆಣ ಎಳೆಯುವುದಕ್ಕೆ ತೋಯ್ದ ಗೋಣಿಚೀಲ. ಓಡುವ ಕಾಲಿಗೆ ರೊಟ್ಟಿ ಬಡಿಯುವ ಪಟಪಟ. ನನ್ನ ಅತ್ತಿಗೆ ಇದನ್ನೆಲ್ಲ ಮಾಡಿಕೊಟ್ಟರು. ಮೊದಲ ಸಲ ಹೆಡ್‌ಫೋನ್ ಹಾಕಿ ತಮ್ಮ ರೊಟ್ಟಿಯ ಸದ್ದು ಕೇಳಿದಾಗ ಅವರ ಮುಖ ನೋಡಬೇಕಿತ್ತು.

ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ, ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆ. ಬಾಗಲಕೋಟೆ, ಬೆಳಗಾವಿ ಕಡೆ ಕರಡಿ ಅನ್ನುವ ಚರ್ಮವಾದ್ಯ ಬಾರಿಸುವ ಕರಡಿ ಮಜಲಿನ ಮೇಳಗಳಿವೆ. ಕರಡಿ ವಾದ್ಯದ ಆ ಗುರ್ ಗುರ್ ನಾದ ದೂರದಿಂದ ಹತ್ತಿರ ಬರುತ್ತಿದ್ದರೆ ಎದೆಯಲ್ಲಿ ಏನೋ ನಡುಗುತ್ತದೆ. ಮೇಳದವರನ್ನು ಕೇಳಿ, ಒಪ್ಪಿಸಿ, ಸಂಭಾವನೆ ಕೊಟ್ಟು, ಹೆಸರು ಹಾಕಿ ಬಳಸಿ.

ಯಾವ ಕನ್ನಡ? ಯಾವ ನಗು?

ಹೆಚ್ಚು ಜನಕ್ಕೆ ತಿಳಿಯಲಿ ಅಂತ ಮೊದಲು ಪುಸ್ತಕದ ಕನ್ನಡದಲ್ಲಿ ಬರೆದಿದ್ದರು. "ನೋಡು, ಅವನು ನಮ್ಮ ಕಡೆಗೆ ಬರುತ್ತಿದ್ದಾನೆ." ಹೇಳಿಸಿ ನೋಡಿದರೆ ಮಕ್ಕಳು ಪಾಠ ಒಪ್ಪಿಸಿದ ಹಾಗೆ ಆಯಿತು. ಅದೇ ಹುಡುಗ "ಲೇ, ಬಂದ್ನಲೇ! ನಿಂದರಬ್ಯಾಡ, ಓಡಲೇ!" ಅಂದಾಗ ಧ್ವನಿ ತಾನಾಗೇ ಏರಿತು. ಹೆದರಿದವನು ತಾಯಿ ಮಾತಿನಲ್ಲೇ ಕೂಗುತ್ತಾನೆ. ಬೆಳಗಾವಿಯ ಮಕ್ಕಳಾದರೆ ನಡುವೆ ಮರಾಠಿ ಬರಲಿ, ಅದೂ ಅವರ ಮಾತೇ. ದೂರದವರಿಗೆ ತಿಳಿಯದಿದ್ದರೆ ಕೆಳಗೆ ಅಕ್ಷರ ಹಾಕಿದರಾಯಿತು.

ನಗುವಿನಲ್ಲಿ ಎರಡು ದಾರಿ ಇದೆ. ಜೋಂಬಿಯನ್ನು ಗೇಲಿ ಮಾಡುವುದು ಒಂದು. ಜೋಂಬಿ ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರುವುದು, ಪ್ಯಾಂಟು ಉದುರುವುದು. ಒಂದು ಸಲ ನಗು ಬರುತ್ತದೆ, ಆಮೇಲೆ ಯಾರೂ ಹೆದರುವುದಿಲ್ಲ. ಹೆದರಿಕೆ ಹೋದ ಮೇಲೆ ನಗುವೂ ಹೋಗುತ್ತದೆ. ಇನ್ನೊಂದು ದಾರಿ, ಭಯವನ್ನು ಪೂರ್ತಿ ನಿಜ ಮಾಡಿ, ಮನುಷ್ಯರ ರೂಢಿಯಿಂದ ನಗಿಸುವುದು. ಇಲ್ಲೇ ಆ ಅಜ್ಜನ ಮಾತು ಕೆಲಸಕ್ಕೆ ಬಂತು.

ನಮ್ಮ ಕಥೆಯಲ್ಲಿ ಊರಿನ ರೈತರೆಲ್ಲ ಜೋಂಬಿ ಆಗಿದ್ದಾರೆ. ಮಕ್ಕಳು ಮಾತ್ರ ಉಳಿದಿದ್ದಾರೆ. ಹೊಲದ ಮಧ್ಯೆ ಸುತ್ತುವರಿದಿದ್ದಾರೆ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಹುಡುಗಿ ಬೇಡಿಕೊಳ್ಳುತ್ತಾಳೆ, "ಕಾಕಾ, ನಾನ್ರೀ, ನಿಮ್ಮ ಬಾಜೂ ಮನಿ ಹುಡುಗಿ." ಕಾಕಾನ ಕೈ ಅವಳ ಕುತ್ತಿಗೆಯ ಹತ್ತಿರ ಬಂದಿದೆ. ಅಷ್ಟರಲ್ಲಿ ದೂರದ ಶೆಡ್ಡಿನಲ್ಲಿ ಬಲ್ಬು ಹತ್ತುತ್ತದೆ. ಹುಡುಗ ಕೂಗುತ್ತಾನೆ, "ಕರೆಂಟ್ ಬಂತು! ತ್ರೀ ಫೇಸ್!" ಮೂವತ್ತು ಜೋಂಬಿಗಳ ತಲೆ ಒಟ್ಟಿಗೆ ತಿರುಗುತ್ತದೆ. ಒಬ್ಬೊಬ್ಬರೇ ಮಕ್ಕಳನ್ನು ಬಿಟ್ಟು, ತಮ್ಮ ತಮ್ಮ ಮೋಟಾರಿನ ಕಡೆ ಕಾಲೆಳೆದುಕೊಂಡು ಹೊರಡುತ್ತಾರೆ. ಸ್ಟಾರ್ಟರಿನ ಗುಂಡಿ ಒತ್ತಿದ ಟಕ್ ಸದ್ದು. ಮೋಟಾರಿನ ಗುಂಯ್. ಪೈಪಿನಲ್ಲಿ ನೀರು ಕೆಮ್ಮುತ್ತಾ ಬರುವುದು.

ಸತ್ತ ಮೇಲೂ ಕರೆಂಟಿಗೆ ಕಾಯುವ ರೈತ. ಬರೆದದ್ದು ಹದಿನಾರು ವರ್ಷದ ಹುಡುಗಿ. ಅವಳ ಅಪ್ಪ ಅರ್ಧರಾತ್ರಿ ಎದ್ದು ಟಾರ್ಚ್ ಹಿಡಿದು ಹೊಲಕ್ಕೆ ಹೋಗುವುದನ್ನು ನೋಡುತ್ತಲೇ ಬೆಳೆದವಳು. ನಿಮ್ಮ ಊರಿನಲ್ಲಿ ಇಂಥ ರೂಢಿ ಏನಿದೆ ಅಂತ ಹುಡುಕಿ. ಮಗ್ಗದ ಊರಾದರೆ ರಬಕವಿ, ಬನಹಟ್ಟಿ, ಇಳಕಲ್ಲಿನ ಜೋಂಬಿಯ ಕೈ ಲಾಳಿ ಎಸೆಯುತ್ತಲೇ ಇರಬಹುದು.

ಒಂದೇ ಶಾಟಿನಲ್ಲಿ ತೆಗೆಯೋಣವೇ?

ಹುಡುಗರು ಕೇಳಿದ ಕೊನೆಯ ಪ್ರಶ್ನೆ. 2017ರಲ್ಲಿ ಬಂದ ಜಪಾನಿನ ಒಂದು ಜೋಂಬಿ ಹಾಸ್ಯಚಿತ್ರ, 'ಒನ್ ಕಟ್ ಆಫ್ ದಿ ಡೆಡ್', 37 ನಿಮಿಷದ ಒಂದೇ ಶಾಟಿನಿಂದ ಶುರುವಾಗುತ್ತದೆ. ಖರ್ಚು ಸುಮಾರು 30 ಲಕ್ಷ ಯೆನ್, ಸಿನಿಮಾದ ಲೆಕ್ಕದಲ್ಲಿ ಬಹಳ ಚಿಕ್ಕ ದುಡ್ಡು. ಅದನ್ನು ನೋಡಿದರೆ ನಾವೂ ಮಾಡಬಹುದು ಅನ್ನಿಸುತ್ತದೆ. ಆದರೆ ಒಂದೇ ಶಾಟಿಗೆ ದುಡ್ಡಿನ ಬದಲು ತಾಲೀಮು ಬೇಕು, ವಾರಗಟ್ಟಲೆ ಎಲ್ಲರೂ ಒಂದೇ ಕಡೆ ಸೇರಬೇಕು. ಕಾಲೇಜು ಮಕ್ಕಳಿಗೆ ಸಿಗುವುದು ಭಾನುವಾರ ಮಾತ್ರ. ನಾವು ಒಂದೂವರೆ ನಿಮಿಷದ ಒಂದು ಉದ್ದ ಶಾಟ್ ಇಟ್ಟುಕೊಂಡೆವು, ಉಳಿದದ್ದು ತುಂಡು ತುಂಡು. ಆ ಒಂದೂವರೆ ನಿಮಿಷಕ್ಕೇ ಹದಿನೇಳು ಸಲ ಮಾಡಬೇಕಾಯಿತು.

ಇನ್ನು ಎರಡು ಕೆಲಸ ಮರೆಯಬೇಡಿ. ಹದಿನೆಂಟು ತುಂಬದ ಮಕ್ಕಳ ಮನೆಯವರ ಒಪ್ಪಿಗೆಯನ್ನು ಬರೆಸಿಕೊಳ್ಳಿ. ಶೂಟಿಂಗ್ ದಿನ ಗ್ರಾಮ ಪಂಚಾಯಿತಿಗೂ, ಠಾಣೆಗೂ ಮೊದಲೇ ತಿಳಿಸಿ. ಮುಖದ ತುಂಬ ಕಾಕಂಬಿ ಹಚ್ಚಿಕೊಂಡು ಚಹಾದಂಗಡಿಗೆ ಹೋಗಬೇಡಿ, ಯಾರಾದರೂ ಎದೆ ಒಡೆದುಕೊಂಡಾರು.

ಎಲ್ಲಿ ತೋರಿಸುವುದು?

ಚಿತ್ರಮಂದಿರದಲ್ಲಿ ತೋರಿಸಬೇಕಾದರೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು, ಮೊದಲ ಸಿನಿಮಾಕ್ಕೆ ಆ ಓಡಾಟ ಬೇಡ. ಯೂಟ್ಯೂಬಿಗೆ ಹಾಕಬಹುದು, ದೂರದ ನೆಂಟರೂ ನೋಡುತ್ತಾರೆ. ಆದರೆ ಮೊದಲ ಪ್ರದರ್ಶನ ಮಾತ್ರ ಊರಲ್ಲೇ, ಎಲ್ಲರೂ ಕೂಡಿ ಕೂತು ನೋಡುವ ಹಾಗೆ ಆಗಲಿ. ಫೋನಿನಲ್ಲಿ ಒಬ್ಬರೇ ನೋಡಿದರೆ ಮುಗುಳ್ನಗುತ್ತಾರೆ ಅಷ್ಟೇ. ಓಣಿಯಲ್ಲಿ ಕೂತರೆ ಒಬ್ಬರ ನಗು ಇನ್ನೊಬ್ಬರಿಗೆ ಹತ್ತುತ್ತದೆ.

ನಾವು ಹನುಮಪ್ಪನ ಗುಡಿಯ ಎದುರಿನ ಗೋಡೆಗೆ ಬಿಳಿ ಧೋತರ ಕಟ್ಟಿ, ಪ್ರೊಜೆಕ್ಟರ್ ಎರವಲು ತಂದು ತೋರಿಸಿದೆವು. ಇಲ್ಲೂ ದುಡ್ಡು ಸದ್ದಿಗೇ ಹೋಯಿತು, ಎರಡು ಒಳ್ಳೆಯ ಸ್ಪೀಕರ್ ಬಾಡಿಗೆಗೆ ತಂದಿದ್ದೆವು. ಮುಂದೆ ಮಕ್ಕಳು, ನಡುವೆ ಹೆಂಗಸರು, ಹಿಂದೆ ಬೈಕಿನ ಮೇಲೆ ರೈತರು. ಕತ್ತಲಲ್ಲಿ ಆ ದೃಶ್ಯ ಬಂತು. ಬಲ್ಬು ಹತ್ತಿತು. ಟಕ್. ಗುಂಯ್ ಅನ್ನುತ್ತಾ ಮೋಟಾರು ಶುರುವಾಯಿತು. ಹಿಂದಿನ ಸಾಲಿನಲ್ಲಿ ಇಬ್ಬರು ಎದ್ದು ನಿಂತು, ಟಾರ್ಚ್ ಹಚ್ಚಿಕೊಂಡು, ನಿಜವಾಗಿ ಹೊಲದ ದಾರಿ ಹಿಡಿದಿದ್ದರು. ಓಣಿಗೆ ಓಣಿಯೇ ತಿರುಗಿ ಅವರನ್ನು ನೋಡಿತು.

ಆ ಒಂದು ಟಕ್ ಸದ್ದನ್ನು ನಮ್ಮ ಹುಡುಗಿ ಮೂರು ಬೇರೆ ಬೇರೆ ಶೆಡ್ಡಿಗೆ ಹೋಗಿ, ಹನ್ನೊಂದು ಸಲ ರೆಕಾರ್ಡ್ ಮಾಡಿ ಆರಿಸಿದ್ದಳು.